ಯಲವಿಗಿಯ ಹೊತ್ತು, ಗಡಿಯಾರದ ಹೊತ್ತು

ಯಲವಿಗಿಯ ರೈಲು ನಿಲ್ದಾಣದ ಗಡಿಯಾರ ಹನ್ನೆರಡು ತೋರಿಸುವಾಗ ಪಕ್ಕದ ಬಯಲಿನಲ್ಲಿ ಒಂದು ಕೋಲು ನೆಟ್ಟು ನೆರಳನ್ನು ನೋಡಿರಿ. ಹನ್ನೆರಡಕ್ಕೆ ಹೊತ್ತು ನೆತ್ತಿಗೆ ಬರುತ್ತದೆಂದು ನಾವೆಲ್ಲ ನಂಬಿದ್ದೇವೆ. ಆದರೆ ನೆರಳು ಆಗಲೂ ಗಿಡ್ಡವಾಗುತ್ತಲೇ ಇರುತ್ತದೆ. ಸರಾಸರಿ ಲೆಕ್ಕದಲ್ಲಿ ಅಲ್ಲಿಯ ನಿಜವಾದ ನಡುಹಗಲು ಹನ್ನೆರಡೂವರೆಗೆ ಒಂದೆರಡು ನಿಮಿಷ ಮುಂಚೆ. ನವೆಂಬರ್ ಮೊದಲಲ್ಲಿ ಅದು ಹನ್ನೆರಡೂಕಾಲಿಗಿಂತ ಮೊದಲೇ ಬರುತ್ತದೆ. ಫೆಬ್ರವರಿ ನಡುವೆ ಹನ್ನೆರಡೂ ಮುಕ್ಕಾಲರ ಹತ್ತಿರ ಹೋಗುತ್ತದೆ. ಹಾಗಾದರೆ ಸೂರ್ಯನು ತಡಮಾಡಿದನೆ, ಗಡಿಯಾರ ಮುಂದೋಡಿತೆ?

ನಮ್ಮ ಹಿರಿಯರಿಗೆ ಈ ಸಂಶಯವೇ ಇರಲಿಲ್ಲ. ಹಗಲು ರಾತ್ರಿ ಕೂಡಿ ಅರವತ್ತು ಘಳಿಗೆ. ಒಂದು ಘಳಿಗೆಗೆ ಇಂದಿನ ಇಪ್ಪತ್ತನಾಲ್ಕು ನಿಮಿಷ. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಘಳಿಗೆ ಕಳೆಯಿತು. ಊರಿನ ಹೊತ್ತು ಊರಿನ ಸೂರ್ಯನದು. ಪೃಥ್ವಿಯು ಒಂದು ಅಂಶ ತಿರುಗಲು ನಾಲ್ಕು ನಿಮಿಷ ಬೇಕು. ಆದುದರಿಂದ ಮೂಡಣ ಊರಿಗೆ ನಡುಹಗಲು ಮೊದಲು, ಪಡುವಣ ಊರಿಗೆ ಆಮೇಲೆ. ಎತ್ತಿನ ಬಂಡಿಯ ಕಾಲದಲ್ಲಿ ಇದರಿಂದ ಯಾರಿಗೂ ತೊಡಕಾಗಲಿಲ್ಲ.

ತೊಡಕು ಬಂದದ್ದು ಉಗಿಬಂಡಿಯೊಡನೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಬ್ಬಳ್ಳಿಯಿಂದ ಹರಿಹರದತ್ತ ಹಳಿ ಹಾಸಿತು. ಯಲವಿಗಿ ಆ ದಾರಿಯ ಮೇಲಿದೆ. ಊರೂರಿಗೂ ಬೇರೆ ಹೊತ್ತಾದರೆ ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳ ಗತಿಯೇನು? ಅದಕ್ಕಾಗಿ ಭಾರತದ ರೈಲುಗಳು ಮದರಾಸಿನ ವೇಧಶಾಲೆಯ ಹೊತ್ತನ್ನು ಒಪ್ಪಿಕೊಂಡಿದ್ದವು. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ವೇಧಶಾಲೆ ಅದು. ಕಲಕತ್ತೆಗೂ ಮುಂಬಯಿಗೂ ನಡುವಣ ಹೊತ್ತು ಅದರದಾಗಿತ್ತು. ತಂತಿಯ ಮೂಲಕ ಅದು ನಿಲ್ದಾಣ ನಿಲ್ದಾಣಕ್ಕೂ ತಲುಪುತ್ತಿತ್ತು.

ಯಲವಿಗಿಯ ಲೆಕ್ಕವನ್ನು ನೀವೇ ಹಾಕಿ ನೋಡಿರಿ. ಮದರಾಸಿನ ಹೊತ್ತು ಯಲವಿಗಿಯ ಸೂರ್ಯನಿಗಿಂತ ಸುಮಾರು ಇಪ್ಪತ್ತು ನಿಮಿಷ ಮುಂದು. ಪ್ರಾಂತದ ರಾಜಧಾನಿಯಾದ ಮುಂಬಯಿಯ ಹೊತ್ತು ಸುಮಾರು ಹತ್ತು ನಿಮಿಷ ಹಿಂದು. ಸವಣೂರಿನಿಂದ ಹೊತ್ತು ನೋಡಿಕೊಂಡೇ ಬಂಡಿ ಹೂಡಿದವನು ಸರಿಯಾದ ವೇಳೆಗೆ ಬಂದೆನೆಂದುಕೊಂಡರೂ ಗಾಡಿ ಹೊರಟುಹೋಗಿರಬಹುದಾಗಿತ್ತು. ಆಕಾಶ ಸುಳ್ಳು ಹೇಳಿರಲಿಲ್ಲ. ಆದರೆ ಟಿಕೇಟಿನ ಕಿಟಕಿಯಲ್ಲಿ ಆಕಾಶದ ಸಾಕ್ಷಿ ನಡೆಯುತ್ತಿರಲಿಲ್ಲ.

ಈ ಬದಲಾವಣೆಯನ್ನು ಜನರು ಸುಮ್ಮನೆ ನುಂಗಿಕೊಳ್ಳಲಿಲ್ಲ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಮುಂಬಯಿಗೆ ಮದರಾಸಿನ ಹೊತ್ತನ್ನು ತರಹೊರಟಾಗ ವಿರೋಧವೆದ್ದಿತು. 1883ರಲ್ಲಿ ಸರಕಾರವೇ ಹಿಂದೆಗೆಯಬೇಕಾಯಿತು. 1905ರಲ್ಲಿ ರೈಲು ಮತ್ತು ತಂತಿ ಇಲಾಖೆಗಳು, 1906ರ ಜನವರಿ 1ರಿಂದ ಉಳಿದ ಆಡಳಿತವೂ ಇಂದಿನ ಭಾರತೀಯ ಪ್ರಮಾಣ ಕಾಲಕ್ಕೆ ಬಂದವು. ಮಿರ್ಜಾಪುರದ ಬಳಿ ಹಾಯುವ ಎಂಬತ್ತೆರಡೂವರೆ ಅಂಶದ ರೇಖೆಯೇ ಇದಕ್ಕೆ ಆಧಾರ. ಆಗ ರೈಲಿನ ಗಡಿಯಾರಗಳು ಇನ್ನೂ ಸುಮಾರು ಒಂಬತ್ತು ನಿಮಿಷ ಮುಂದಕ್ಕೆ ಹೋದವು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ದೇಶದ ಗಡಿಯಾರಗಳನ್ನೆಲ್ಲ ಮತ್ತೊಂದು ಗಂಟೆ ಮುಂದೂಡಲಾಗಿತ್ತು. ಯಲವಿಗಿಯಲ್ಲಿ ಆಗ ಹೊತ್ತು ನೆತ್ತಿಗೇರುವಾಗ ಗಡಿಯಾರದಲ್ಲಿ ಒಂದೂವರೆ ಆಗುತ್ತಿತ್ತು!

1950ರ ಜನವರಿ 8ರಂದು ಧಾರವಾಡದ ಬಾನುಲಿ ಕೇಂದ್ರ ಆರಂಭವಾಯಿತು. ಸ್ಟೇಶನ್ ಮಾಸ್ತರರ ಗೋಡೆಯ ಮೇಲಿದ್ದ ಹೊತ್ತು ನಮ್ಮ ನಿಮ್ಮ ನಡುಮನೆಗೆ ಬಂತು. ವಾರ್ತೆಗೆ ಗಡಿಯಾರ ಸರಿಮಾಡಿಕೊಳ್ಳುವುದು ಮನೆಯ ರೂಢಿಯಾಯಿತು.

ಇಲ್ಲಿಯವರೆಗಿನದು ಊರಿಗೂ ಊರಿಗೂ ಇರುವ ಅಂತರದ ಮಾತು. ಇನ್ನೊಂದು ಅಂತರವಿದೆ, ಅದು ಪೃಥ್ವಿಯ ನಡಿಗೆಯದೇ. ಚಂದ್ರನು ಎಬ್ಬಿಸುವ ಭರತ-ಇಳಿತಗಳ ಎಳೆದಾಟದಿಂದ ಭೂಮಿಯ ತಿರುಗುವಿಕೆ ಯುಗಯುಗಾಂತರದಲ್ಲಿ ನಿಧಾನವಾಗುತ್ತಿದೆ. ನೂರು ವರ್ಷಕ್ಕೆ ದಿನವು ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಷ್ಟು ದೀರ್ಘವಾಗುತ್ತದೆ. ಇದೇನು ಮಹಾ ಎನ್ನಬೇಡಿರಿ. ಕ್ರಿಸ್ತಪೂರ್ವ 136ರಲ್ಲಿ ಬಾಬಿಲೋನಿಯದವರು ಬರೆದಿಟ್ಟ ಪೂರ್ಣ ಸೂರ್ಯಗ್ರಹಣವನ್ನು ಇಂದಿನ ದಿನಮಾನದಿಂದ ಹಿಂದಕ್ಕೆ ಎಣಿಸಿದರೆ ಮೂರು ಗಂಟೆಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಹನಿಹನಿಯಾಗಿ ಕೂಡಿದ ಹಳ್ಳವಿದು.

1967ರಲ್ಲಿ ಸೆಕೆಂಡನ್ನು ಸೂರ್ಯನಿಂದ ಬಿಡಿಸಿ ಸೀಸಿಯಂ ಪರಮಾಣುವಿಗೆ ಕಟ್ಟಿದರು: ಅದರ 919,26,31,770 ಕಂಪನಗಳಿಗೆ ಒಂದು ಸೆಕೆಂಡು. ಪರಮಾಣು ದಣಿಯುವುದಿಲ್ಲ, ಭೂಮಿ ಮಾತ್ರ ಅಷ್ಟಿಷ್ಟು ಹಿಂದೆ ಬೀಳುತ್ತದೆ. ಇವೆರಡರ ಜೋಡಿ ತಪ್ಪದಂತೆ 1972ರಿಂದ ಆಗಾಗ ಒಂದು ಅಧಿಕ ಸೆಕೆಂಡನ್ನು ಸೇರಿಸುತ್ತ ಬಂದರು. ಚಾಂದ್ರಮಾನದ ವರ್ಷ ಋತುಗಳಿಗಿಂತ ಮುಂದೋಡದಂತೆ ನಮ್ಮ ಪಂಚಾಂಗದವರು ಅಧಿಕ ಮಾಸವನ್ನು ಸೇರಿಸುವ ಬಗೆಯೇ ಇದು. ಒಂದು ಭೇದವುಂಟು: ಅಧಿಕ ಮಾಸ ಗಣಿತಕ್ಕೆ ಸಿಕ್ಕುತ್ತದೆ, ಅಧಿಕ ಸೆಕೆಂಡನ್ನು ಭೂಮಿಯ ನಡಿಗೆ ನೋಡಿಯೇ ಹೇಳಬೇಕು.

ಹೀಗೆ ಸೇರಿದವು ಇಪ್ಪತ್ತೇಳು. ಕೊನೆಯದು ನಮ್ಮ ದೇಶದಲ್ಲಿ ಬಂದದ್ದು 2017ರ ಜನವರಿ 1ರ ಬೆಳಗಿನ ಐದೂವರೆಗೆ ಸರಿಯಾಗಿ ಮೊದಲು. ಯಲವಿಗಿಯಲ್ಲಿ ಇನ್ನೂ ನಸುಕು. ಆ ಸೆಕೆಂಡನ್ನು ಯಾರು ಗಮನಿಸಿದ್ದಾರು? ಆದರೆ ಗಣಕಯಂತ್ರಗಳಿಗೆ ಅರವತ್ತೊಂದು ಸೆಕೆಂಡಿನ ನಿಮಿಷ ಜೀರ್ಣವಾಗುವುದಿಲ್ಲ. 2012ರಲ್ಲಿ ಹಲವು ಗಣಕಜಾಲಗಳು ಅದರಿಂದಲೇ ಮುಗ್ಗರಿಸಿದವು. 2020ರಿಂದೀಚೆಗೆ ಭೂಮಿಯೂ ತುಸು ಚುರುಕಾಗಿ ತಿರುಗಿ, ಸೆಕೆಂಡನ್ನು ಕಳೆಯಬೇಕಾದೀತೇ ಎಂಬ ಚಿಂತೆಯನ್ನೂ ತಂದಿದೆ. 2035ರೊಳಗೆ ಈ ಅಂತರವನ್ನು ಇನ್ನಷ್ಟು ಬೆಳೆಯಗೊಡಬೇಕೆಂದು 2022ರಲ್ಲಿ ರಾಷ್ಟ್ರಗಳ ಮಾಪನ ಸಮ್ಮೇಳನ ನಿರ್ಣಯಿಸಿತು.

ಅರ್ಧ ಗಂಟೆಯನ್ನೇ ಬಿಟ್ಟುಕೊಟ್ಟ ಯಲವಿಗಿಗೆ ಒಂದು ಸೆಕೆಂಡು ಯಾವ ಲೆಕ್ಕ ಎಂದು ನೀವು ಕೇಳಬಹುದು. ಆ ಅರ್ಧ ಗಂಟೆ ದೇಶದ ಜೊತೆಗೆ ನಾವು ಮಾಡಿಕೊಂಡ ಒಪ್ಪಂದ. ಅದು ಇಂದಿಗೂ ನಾಳೆಗೂ ಅಷ್ಟೇ. ಸೆಕೆಂಡನ್ನು ಬಿಟ್ಟರೆ ಅಂತರ ತಾನಾಗಿ ಬೆಳೆಯುತ್ತದೆ. ಒಂದು ನಿಮಿಷವಾಗಲು ಶತಮಾನವೇ ಬೇಕಾದೀತು, ನಿಜ. ಆದರೂ ಗಡಿಯಾರವು ಸೂರ್ಯನಿಗೆ ಲೆಕ್ಕ ಒಪ್ಪಿಸುವ ಕರಾರು ಎಲ್ಲಿಯೋ ಉಳಿದಿರಬೇಕು. ಮುಂದಿನವರು ಆ ಬಾಕಿಯನ್ನು ಒಮ್ಮೆಗೇ ತೀರಿಸಲಿ, ಮರೆಯದಿದ್ದರೆ ಸಾಕು.

ನಾಳೆ ಬಿಸಿಲಿದ್ದರೆ ಅಂಗಳದಲ್ಲಿ ಕೋಲು ನೆಡಿರಿ, ಮಕ್ಕಳನ್ನೂ ಕರೆಯಿರಿ. ನಿಮ್ಮ ಊರಿನ ಸ್ವಂತ ಹೊತ್ತು ಇನ್ನೂ ಅಲ್ಲಿಯೇ ಇದೆ.