ಬೆಂದ ಇಟ್ಟಿಗೆಯ ತವರು

ಸ್ಯಾನ್ ಫ್ರಾನ್ಸಿಸ್ಕೊ ನಗರದ ಚೈನಾಟೌನಿನಲ್ಲಿ, ಸ್ಯಾಕ್ರಮೆಂಟೊ ಬೀದಿಯ ಕಡಿದಾದ ಏರಿನ ಮೇಲೆ, 920ನೆಯ ಸಂಖ್ಯೆಯ ಮನೆಯೊಂದುಂಟು. ಅದರ ಗೋಡೆಯ ಇಟ್ಟಿಗೆಗಳು ಆವಿಗೆಯ ಅತಿತಾಪಕ್ಕೆ ಸಿಕ್ಕಿ ಕಪ್ಪಿಟ್ಟು ಸೊಟ್ಟಗಾದವು. ಸಾಮಾನ್ಯ ಮೇಸ್ತ್ರಿಯಾದರೆ ಆಚೆಗೆ ಎಸೆದುಬಿಡುತ್ತಿದ್ದಂಥವು. ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣು ನಮ್ಮ ನಾಡಿನಲ್ಲಿ ಕಣ್ಣೊರಸಿಕೊಂಡು ನೋಡುವ ದಿಕ್ಕು ತವರಿನದು. ಆದರೆ ಸಮುದ್ರದಾಚೆಗೆ ಬಂದವಳಿಗೆ ತವರೆಲ್ಲಿ? ಈ ಪ್ರಶ್ನೆಗೆ ಒಂದು ಚರ್ಚಿನ ಹೆಂಗಸರು ನೂರೈವತ್ತು ವರ್ಷಗಳ ಹಿಂದೆ ಕೊಡತೊಡಗಿದ ಉತ್ತರವೇ ಈ ಮನೆ.

ಅಮೆರಿಕದ ಸರಕಾರವು 1875ರ ಪೇಜ್ ಕಾನೂನಿನಿಂದಲೂ 1882ರ ಚೀನೀ ನಿಷೇಧದ ಕಾನೂನಿನಿಂದಲೂ ಚೀನೀಯರ ಆಗಮನವನ್ನು ತಡೆಗಟ್ಟಿದುದರ ಪರಿಣಾಮವಾಗಿ, 1890ರ ಜನಗಣತಿಯ ವೇಳೆಗೆ ಆ ದೇಶದ ಚೀನೀಯರಲ್ಲಿ ಒಬ್ಬ ಸ್ತ್ರೀಗೆ ಸುಮಾರು 27 ಮಂದಿ ಪುರುಷರಿದ್ದರು. ಹೆಣ್ಣು ದುರ್ಲಭವಾದಲ್ಲಿ ಆಕೆಯ ಗೌರವ ಹೆಚ್ಚಬೇಕಾಗಿತ್ತು. ಹೆಚ್ಚಿದುದು ಆಕೆಯ ಬೆಲೆ ಮಾತ್ರ. ಬಡ ತಂದೆತಾಯಿಗಳಿಂದ ಕೊಂಡುತಂದ ಎಳೆಯ ಹುಡುಗಿಯರು ಮುಯ್ ತ್ಸಾಯ್ ಎಂಬ ಹೆಸರಿನಲ್ಲಿ ಮನೆಮನೆಗಳಲ್ಲಿ ಜೀತಕ್ಕಿದ್ದರು. ಬೆಳೆದವರು ವೇಶ್ಯಾಗೃಹಗಳಿಗೆ ಮಾರಾಟವಾಗುತ್ತಿದ್ದರು. ಪ್ರೆಸ್ಬಿಟೇರಿಯನ್ ಚರ್ಚಿನ ಮಹಿಳೆಯರು 1874ರಲ್ಲಿ ಇಂಥವರಿಗಾಗಿ ಆಶ್ರಯವೊಂದನ್ನು ತೆರೆದರು. ಕ್ರಮೇಣ ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಗೃಹಿಣಿಯರೂ ಅದೇ ಬಾಗಿಲನ್ನು ತಟ್ಟತೊಡಗಿದರು.

ನ್ಯೂಜಿಲೆಂಡಿನಲ್ಲಿ ಹುಟ್ಟಿದ ಡೊನಾಲ್ಡಿನಾ ಕ್ಯಾಮರನ್ ಎಂಬಾಕೆ 1895ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಇಲ್ಲಿಗೆ ಹೊಲಿಗೆ ಕಲಿಸಲೆಂದು ಬಂದಳು. ಒಂದು ವರ್ಷವಿದ್ದು ಹೋಗುವೆನೆಂದುಕೊಂಡವಳು 1934ರವರೆಗೆ ನಿಂತಳು. ಮನೆಯ ಹುಡುಗಿಯರು ಅವಳನ್ನು ‘ಲೋ ಮೋ’, ಎಂದರೆ ಹಿರಿಯ ತಾಯಿ, ಎಂದು ಕರೆದರು. ಆಕೆಯ ಕೆಲಸ ಎಂತಹುದೆಂಬುದಕ್ಕೆ 1900ನೆಯ ಇಸವಿಯ ಪಾಲೊ ಆಲ್ಟೊ ಊರಿನ ಪ್ರಸಂಗವೊಂದೇ ಸಾಕು. ಆಶ್ರಯದಲ್ಲಿದ್ದ ಯುವತಿಯೊಬ್ಬಳು ಒಡವೆ ಕದ್ದಳೆಂಬ ಸುಳ್ಳು ದೂರಿನ ವಾರಂಟು ಹಿಡಿದು ಬಂದವರು ಆಕೆಯನ್ನು ಅಲ್ಲಿಯ ಸೆರೆಮನೆಗೆ ಒಯ್ದಾಗ, ಕ್ಯಾಮರನ್ ಅವಳನ್ನು ಒಂಟಿಯಾಗಿ ಬಿಡಲೊಲ್ಲದೆ ತಾನೂ ಆ ಕೋಣೆಯೊಳಗೆ ಹೊಕ್ಕು ಕುಳಿತಳು. ನಟ್ಟಿರುಳಿನಲ್ಲಿ ಬಂದವರು ಯುವತಿಯನ್ನು ಬಂಡಿಯಲ್ಲಿ ಸಾಗಿಸಿ, ದಾರಿಯ ಬದಿಯಲ್ಲೇ ನ್ಯಾಯವಿಚಾರಣೆಯ ನಾಟಕವಾಡಿದರು. ಸುದ್ದಿ ಹಬ್ಬಿದಾಗ ಊರಿನವರೂ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳೂ ಕೆರಳಿ ನಿಂತರು. ಯುವತಿ ಕೊನೆಗೆ ಬಿಡುಗಡೆಹೊಂದಿದಳು.

1906ರ ಏಪ್ರಿಲ್ 18ರಂದು ಭೂಕಂಪವಾಗಿ ನಗರಕ್ಕೆ ಬೆಂಕಿ ಬಿದ್ದಾಗ, ಮಕ್ಕಳನ್ನೆಲ್ಲ ಸುರಕ್ಷಿತ ಸ್ಥಾನಕ್ಕೆ ಸೇರಿಸಿದ ಮೇಲೆ, ಕ್ಯಾಮರನ್ ಅದೇ ರಾತ್ರಿ ಕಾವಲುಗಾರರನ್ನು ದಾಟಿ ಉರಿಯ ಅಂಚಿಗೆ ಬಂದಿದ್ದ ಮನೆಗೆ ಮರಳಿದಳು. ಆಕೆ ತಂದುದು ಹಣವನ್ನಲ್ಲ. ಹುಡುಗಿಯರ ಪಾಲನಾಧಿಕಾರದ ನ್ಯಾಯಾಲಯದ ಪತ್ರಗಳನ್ನು. ಅವು ಸುಟ್ಟಿದ್ದರೆ ಹಳೆಯ ಒಡೆಯರು ಮತ್ತೆ ಹಕ್ಕು ಸಾಧಿಸಬಹುದಾಗಿತ್ತು. ಕರುಣೆಯೆಂಬುದು ಕಣ್ಣೀರಿನಿಂದ ಮುಗಿಯುವುದಲ್ಲ, ಕಾಗದಪತ್ರಗಳವರೆಗೂ ಅದು ನಡೆಯಬೇಕೆಂಬುದನ್ನು ಆಕೆ ಬಲ್ಲಳು. ಆ ಮನೆ ನಾಶವಾಯಿತು; ಇಂದಿನ ಇಟ್ಟಿಗೆಯ ಕಟ್ಟಡ ಅದೇ ಸ್ಥಳದಲ್ಲಿ 1908ರ ವೇಳೆಗೆ ಎದ್ದು ನಿಂತಿತು.

ಈ ತವರಿಗೂ ದೋಷಗಳಿದ್ದುವು. ಬಂದವಳು ಕ್ರೈಸ್ತ ಶಿಸ್ತಿಗೆ ಒಳಪಡಬೇಕಿತ್ತು. ಚೀನೀಯರ ಬಾಳನ್ನು ಕೀಳೆಂದೆಣಿಸುವ ಬಿಳಿಯರ ಹಮ್ಮು ಆ ಕರುಣೆಯಲ್ಲಿ ಬೆರೆತಿತ್ತು. ಅದಕ್ಕಿಂತಲೂ ದಾರುಣವಾದುದೆಂದರೆ, ಮುಂದಿನ ಕಾಲದಲ್ಲಿ ಈ ಸಂಸ್ಥೆಯ ನಿರ್ದೇಶಕನಾಗಿದ್ದ ಪಾದ್ರಿಯೇ ತನ್ನನ್ನು ನಂಬಿದ ಕಿರಿಯರ ಮೇಲೆ ಲೈಂಗಿಕ ದೌರ್ಜನ್ಯವೆಸಗಿದನು. ಸಂಸ್ಥೆ ಅದನ್ನು ಮುಂದೆ ಬಹಿರಂಗವಾಗಿ ಒಪ್ಪಿಕೊಂಡಿತು. ಹೊರಗಿನ ಮನೆಗಳ ಪಾಪವನ್ನು ಕಾಣಬಲ್ಲ ಚರ್ಚು ತನ್ನ ಮನೆಯೊಳಗಿನದಕ್ಕೆ ಕಣ್ಣು ಮುಚ್ಚಿದರೆ, ಆಶ್ರಯವೆಂಬ ಮಾತಿಗೆ ಅರ್ಥವುಳಿಯದು.

ಇಂದು ಕ್ಯಾಮರನ್ ಹೌಸ್ ಎಂಬ ಹೆಸರಿನ ಅದೇ ಮನೆ ಕೌಟುಂಬಿಕ ಹಿಂಸೆಗೊಳಗಾದ ಏಷ್ಯಾದ ವಲಸಿಗರಿಗೆ ನೆರವಾಗುತ್ತಿದೆ. ಹೊಡೆತ ತಿಂದವಳಿಗೆ ‘ಸಹಿಸಿಕೊ, ಪ್ರಾರ್ಥಿಸು’ ಎಂದು ಹೇಳಿ ಕಳುಹಿಸುವ ಬೋಧಕನಿಗೆ ಈ ಚರಿತ್ರೆ ಬೇರೊಂದು ಮಾರ್ಗವನ್ನು ತೋರುತ್ತದೆ: ಮೊದಲು ಬಾಗಿಲು, ಬಳಿಕ ಕಾನೂನು, ಎಂದೆಂದಿಗೂ ಆತ್ಮಪರೀಕ್ಷೆ. ಇದು ಚರ್ಚಿಗೆ ಮಾತ್ರ ಸಲ್ಲುವ ಪಾಠವಲ್ಲ. ಇದೇ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಣ ಊರುಗಳಲ್ಲಿ ನೆಲೆಸಿರುವ ನಮ್ಮವರಲ್ಲಿಯೂ, ವೀಸಾ ಗಂಡನ ಕೈಯಲ್ಲಿದ್ದು ತವರು ಸಾವಿರಾರು ಮೈಲಿಯಾಚೆ ಉಳಿದ ಹೆಣ್ಣುಮಕ್ಕಳಿದ್ದಾರೆ. ದಕ್ಷಿಣ ಏಷ್ಯಾದ ಸ್ತ್ರೀಯರಿಗಾಗಿ 1991ರಲ್ಲಿ ಮೈತ್ರಿ, ಮರುವರ್ಷ ಬರ್ಕ್ಲಿಯಲ್ಲಿ ನಾರಿಕಾ ಎಂಬ ಸಂಸ್ಥೆಗಳು ಹುಟ್ಟಿದುದು ಈ ಆಸರೆಯ ಕೊರತೆಯಿಂದಲೇ.

ಕ್ಯಾಮರನ್ನಿನ ಮನೆಯ ಕಥೆಗೇ ಮರಳಿದರೆ, ತಿಯೆನ್ ಫು ವು ಎಂಬ ಬಾಲಕಿಯನ್ನು ತಂದೆಯೇ ಮಾರಿದ್ದನು. ಯಜಮಾನತಿಯ ಹಿಂಸೆಯಿಂದ ಬಿಡಿಸಿ 1894ರಲ್ಲಿ ಅವಳನ್ನು ಆಶ್ರಯಕ್ಕೆ ತಂದರು. ಬೆಳೆದು ದೊಡ್ಡವಳಾದ ಮೇಲೆ ಅವಳೇ ದುಭಾಷಿಯಾಗಿ ಕ್ಯಾಮರನ್ನಿನ ಪಕ್ಕದಲ್ಲಿ ದಶಕಗಳ ಕಾಲ ನಿಂತಳು. ಬಿಳಿಯ ಹೆಂಗಸು ಎಷ್ಟೇ ಒಳ್ಳೆಯವಳಾಗಿರಲಿ, ನಡುಗುತ್ತಿರುವ ಹುಡುಗಿಗೆ ಧೈರ್ಯ ಬರುತ್ತಿದ್ದುದು ತನ್ನ ನುಡಿಯನ್ನೇ ಆಡುವ ಈಕೆಯ ಬಾಯಿಂದ. ನಮ್ಮ ಗುಡಿ, ಚರ್ಚು, ಕನ್ನಡ ಕೂಟಗಳು ಇಷ್ಟನ್ನಾದರೂ ಮಾಡಬಹುದು: ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವಳಿಗೆ ಯಾವ ಪ್ರಶ್ನೆಯನ್ನೂ ಕೇಳುವ ಮುಂಚೆ, ಅವಳ ಮಾತಿನಲ್ಲಿಯೇ ಹೇಳಬಹುದು, “ಬಾರಮ್ಮಾ, ಒಳಗೆ ಬಾ.”