ತೀವ್ರ ಮನೋರೋಗಿಗಳಲ್ಲಿ ಹೃದ್ರೋಗದ ಮುನ್ಸೂಚನೆ

ತೀವ್ರ ಮನೋರೋಗಿಗಳಲ್ಲಿ ಹೃದ್ರೋಗದ ಮುನ್ಸೂಚನೆ ಎಂದರೆ ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ ಮೊದಲಾದವುಗಳಿಂದ ಬಳಲುವವರಿಗೆ ನಿರ್ದಿಷ್ಟ ಅವಧಿಯಲ್ಲಿ, ಸಾಮಾನ್ಯವಾಗಿ ಮುಂದಿನ 10 ವರ್ಷಗಳಲ್ಲಿ, ಹೃದಯಾಘಾತ ಅಥವಾ ಪಾರ್ಶ್ವವಾಯು ಉಂಟಾಗುವ ಸಂಭವವನ್ನು ಅಂದಾಜಿಸುವ ವಿಧಾನ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಂತಹವರ ಆಯುಷ್ಯ ಇತರರಿಗಿಂತ 10ರಿಂದ 20 ವರ್ಷ ಕಡಿಮೆ. ಈ ಅಕಾಲ ಮರಣಗಳಲ್ಲಿ ಆತ್ಮಹತ್ಯೆಗಿಂತ ದೈಹಿಕ ಕಾಯಿಲೆಗಳ ಪಾಲು ಹೆಚ್ಚು. ಅವುಗಳಲ್ಲಿ ಹೃದ್ರೋಗವೇ ಪ್ರಮುಖವಾದುದು.

ಕಾರಣಗಳು

ಧೂಮಪಾನ, ಬಡತನ ಮತ್ತು ದೈಹಿಕ ಚಟುವಟಿಕೆಯ ಕೊರತೆ ಈ ರೋಗಿಗಳಲ್ಲಿ ಹೆಚ್ಚು. ಓಲಾಂಜಪೀನ್, ಕ್ಲೋಜಪೀನ್ ಮುಂತಾದ ಔಷಧಿಗಳು ದೇಹದ ತೂಕವನ್ನೂ ರಕ್ತದ ಸಕ್ಕರೆ ಹಾಗೂ ಕೊಬ್ಬಿನ ಅಂಶವನ್ನೂ ಏರಿಸಬಲ್ಲವು. ರೋಗಿಯು ಹೇಳಿಕೊಳ್ಳುವ ಎದೆನೋವನ್ನು ಮನೋರೋಗದ ಲಕ್ಷಣವೆಂದೇ ಭಾವಿಸಿ ಕಡೆಗಣಿಸುವುದೂ ಉಂಟು.

ಮುನ್ಸೂಚನಾ ಮಾದರಿಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಅಧ್ಯಯನದಿಂದ ರೂಪುಗೊಂಡ ಸೂತ್ರಗಳು ವಯಸ್ಸು, ಲಿಂಗ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಮತ್ತು ಮಧುಮೇಹಗಳನ್ನು ಆಧರಿಸಿವೆ. ಮನೋರೋಗಕ್ಕಾಗಲಿ ಅದರ ಔಷಧಿಗಳಿಗಾಗಲಿ ಅವುಗಳಲ್ಲಿ ಸ್ಥಾನವಿಲ್ಲ.

ಈ ಕೊರತೆಯನ್ನು ನೀಗಿಸಲು ಬ್ರಿಟನ್ನಿನ ಸಂಶೋಧಕರು 38,824 ತೀವ್ರ ಮನೋರೋಗಿಗಳ ವೈದ್ಯಕೀಯ ದಾಖಲೆಗಳಿಂದ 'ಪ್ರೈಮ್‌ರೋಸ್' ಮಾದರಿಯನ್ನು ರೂಪಿಸಿ 2015ರಲ್ಲಿ ಪ್ರಕಟಿಸಿದರು. ರೋಗದ ಬಗೆ, ಸೇವಿಸುತ್ತಿರುವ ಮನೋರೋಗದ ಔಷಧಿ, ಅತಿಯಾದ ಮದ್ಯಪಾನ ಮತ್ತು ಸಾಮಾಜಿಕ ಹಿಂದುಳಿದಿರುವಿಕೆ ಇದರಲ್ಲಿ ಪರಿಗಣಿತವಾಗಿವೆ. ಈ ರೋಗಿಗಳ ಮಟ್ಟಿಗೆ ಇದು ಫ್ರೇಮಿಂಗ್‌ಹ್ಯಾಮ್ ಸೂತ್ರಗಳಿಗಿಂತ ಉತ್ತಮ ಫಲಿತಾಂಶ ನೀಡಿತು. ಇದರ ಎರಡು ರೂಪಗಳಲ್ಲಿ ಒಂದಕ್ಕೆ ಕೊಲೆಸ್ಟರಾಲ್ ಪರೀಕ್ಷೆ ಬೇಕಿಲ್ಲ. ಎತ್ತರ ಮತ್ತು ತೂಕದ ಅನುಪಾತವೇ ಸಾಕು.

2017ರ 'ಕ್ಯೂರಿಸ್ಕ್-3' ಸಾಮಾನ್ಯ ಜನರಿಗಾಗಿ ರಚಿತವಾದುದಾದರೂ ತೀವ್ರ ಮನೋರೋಗವನ್ನೂ ಅದಕ್ಕೆ ನೀಡುವ ಹೊಸ ತಲೆಮಾರಿನ ಔಷಧಿಗಳನ್ನೂ ಅಪಾಯಕಾರಿ ಅಂಶಗಳ ಸಾಲಿಗೆ ಸೇರಿಸಿತು.

ಮಿತಿಗಳು

ಇಂತಹ ಲೆಕ್ಕಾಚಾರಗಳಲ್ಲಿ ವಯಸ್ಸಿನ ಪಾತ್ರ ದೊಡ್ಡದು. ಆದಕಾರಣ ಚಿಕಿತ್ಸೆ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಬಹಳ ತೂಕ ಏರಿದ ಯುವರೋಗಿಗೂ 10 ವರ್ಷಗಳ ಅಪಾಯ ಅಲ್ಪವೆಂದೇ ತೋರುತ್ತದೆ. ಇದನ್ನು ಗಮನಿಸಿ 16ರಿಂದ 35 ವರ್ಷದೊಳಗಿನವರಿಗಾಗಿ 2021ರಲ್ಲಿ 'ಸೈಮೆಟ್ರಿಕ್' ಎಂಬ ಮಾದರಿ ಪ್ರಕಟವಾಯಿತು. ಇದು ಹೃದ್ರೋಗಕ್ಕೆ ಪೂರ್ವಭಾವಿಯಾದ ಚಯಾಪಚಯ ದೋಷಗಳನ್ನು ಸೂಚಿಸುತ್ತದೆ. ಇವೆಲ್ಲವೂ ಬ್ರಿಟನ್ನಿನ ದಾಖಲೆಗಳನ್ನು ಆಧರಿಸಿರುವುದರಿಂದ ಅನ್ಯದೇಶಗಳಲ್ಲಿ ಮರುಪರಿಶೀಲಿಸದೆ ಬಳಸಲಾಗದು. ಭಾರತವನ್ನೊಳಗೊಂಡ ದಕ್ಷಿಣ ಏಷ್ಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಅಪಾಯದ ಕೋಷ್ಟಕಗಳಲ್ಲಿ ಮನೋರೋಗದ ಅಂಶ ಸೇರಿಲ್ಲ.

ಬಳಕೆ

ಅಪಾಯ ಹೆಚ್ಚೆಂದು ಕಂಡುಬಂದಲ್ಲಿ ಧೂಮಪಾನ ತ್ಯಜಿಸಲು ನೆರವು, ರಕ್ತದೊತ್ತಡದ ನಿಯಂತ್ರಣ, ಸ್ಟ್ಯಾಟಿನ್ ಔಷಧಿ ಅಥವಾ ತೂಕ ಏರಿಸದ ಬದಲಿ ಔಷಧಿಯನ್ನು ವೈದ್ಯರು ಸೂಚಿಸಬಹುದು. ಆದರೆ ರೋಗಿಯು ತಾನಾಗಿಯೇ ಔಷಧಿ ನಿಲ್ಲಿಸುವುದು ಸಲ್ಲದು. ಫಿನ್ಲೆಂಡಿನ ದೀರ್ಘಕಾಲಿಕ ಅಧ್ಯಯನಗಳಲ್ಲಿ ಸ್ಕಿಜೋಫ್ರೀನಿಯಾಕ್ಕೆ ಔಷಧಿ ಸೇವಿಸದವರ ಮರಣ ಪ್ರಮಾಣವೇ ಹೆಚ್ಚೆಂದು ಕಂಡುಬಂದಿದೆ.