ಕೇಳುಗನ ಹೆಸರು ಕೇಳದ ದನಿ

1978ರ ಅಕ್ಟೋಬರ್‌ನಲ್ಲಿ ಇರಾನಿನ ಧರ್ಮಗುರು ಆಯತುಲ್ಲಾ ಖುಮೇನಿಯವರು ಇರಾಕಿನಿಂದ ಹೊರಬಿದ್ದು, ಪ್ಯಾರಿಸ್ ಸಮೀಪದ ನೋಫ್ಲ್ ಲೆ ಶಾತೋ ಎಂಬ ಹಳ್ಳಿಗೆ ಬಂದು ನೆಲೆಸಿದರು. ಅವರ ಭಾಷಣಗಳು ಅಲ್ಲಿಂದ ದೂರವಾಣಿಯ ಮೂಲಕ ಟೆಹರಾನ್ ತಲುಪಿ, ಕ್ಯಾಸೆಟ್‌ಗಳಲ್ಲಿ ಪ್ರತಿಯಾಗಿ ಮನೆಮನೆ ಸೇರಿದವು. ದೊರೆ ಶಾನ ಕೈಯಲ್ಲಿ ರೇಡಿಯೊ ಇತ್ತು, ಟೆಲಿವಿಷನ್ ಇತ್ತು, ಸಾವಾಕ್ ಎಂಬ ಗುಪ್ತಚರ ಪಡೆ ಇತ್ತು. ಆದರೆ ಯಾರ ಮನೆಯಲ್ಲಿ ಯಾವ ಕ್ಯಾಸೆಟ್ ತಿರುಗುತ್ತಿದೆ ಎಂಬ ಲೆಕ್ಕ ಮಾತ್ರ ಇರಲಿಲ್ಲ.

ಅದೇ ಕಾಲದಲ್ಲಿ ಕೈರೋ ನಗರದ ಅಂಧ ಖತೀಬ್ ಶೇಖ್ ಅಬ್ದುಲ್ ಹಮೀದ್ ಕಿಶ್ಕ್ ಅವರ ಖುತ್ಬಾಗಳು ಕ್ಯಾಸೆಟ್ ಮೂಲಕ ಇಡೀ ಅರಬ್ ಜಗತ್ತನ್ನು ಸುತ್ತುತ್ತಿದ್ದವು. 1981ರಲ್ಲಿ ಅಧ್ಯಕ್ಷ ಅನ್ವರ್ ಸಾದಾತ್ ಅವರನ್ನು ಬಂಧಿಸಿದರು. ಮಾತಾಡಿದವರನ್ನು ಬಂಧಿಸಬಹುದಿತ್ತು. ಕೇಳಿದವರು ಯಾರೆಂದು ಹುಡುಕುವುದು ಹೇಗೆ? ಆ ಭಾಷಣಗಳ ವಿಚಾರವನ್ನು ಒಪ್ಪುವುದು, ಬಿಡುವುದು ಬೇರೆ ಮಾತು. ಇಲ್ಲಿ ನಾವು ಗಮನಿಸಬೇಕಾದುದು ಕ್ಯಾಸೆಟ್‌ನ ಸ್ವಭಾವವನ್ನು.

ಹಾಲೆಂಡಿನ ಫಿಲಿಪ್ಸ್ ಕಂಪೆನಿ ಈ ಪುಟ್ಟ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿತು. ಬಳಿಕ ಇತರ ತಯಾರಕರು ಶುಲ್ಕವಿಲ್ಲದೆ ಅದನ್ನು ತಯಾರಿಸಲು ಒಪ್ಪಿಗೆ ನೀಡಿತು. ಆದ್ದರಿಂದಲೇ ಜಪಾನಿನ ಯಂತ್ರದಲ್ಲಿ ಧ್ವನಿಮುದ್ರಿಸಿದ್ದು ಹಾಲೆಂಡಿನ ಯಂತ್ರದಲ್ಲಿಯೂ ನುಡಿಯಿತು. ಗಲ್ಫ್‌ನಿಂದ ಬಂದವರು ಕರಾವಳಿಯ ಮನೆಗಳಿಗೆ ತಂದ ಟೂ-ಇನ್-ವನ್‌ಗಳಲ್ಲಿ ಯಾವ ಅಂಗಡಿಯ ಕ್ಯಾಸೆಟ್ ಹಾಕಿದರೂ ಹಾಡಿತು. ಎಲ್ಲಿ ಹಾಕಿದರೂ ನುಡಿಯುವುದು, ಯಾರು ಕೇಳಿದರೆಂದು ಯಾರಿಗೂ ಹೇಳದಿರುವುದು - ಇವೆರಡು ಅದರ ಗುಣಗಳು. ಇಂದು ಮೊಬೈಲ್‌ನಲ್ಲಿ ಕೋಟ್ಯಂತರ ಜನ ಕೇಳುವ ಪಾಡ್‌ಕಾಸ್ಟ್ ಈ ಎರಡೂ ಗುಣಗಳೊಂದಿಗೇ ಹುಟ್ಟಿತು. ಮೊದಲನೆಯದು ಹೇಗೋ ಉಳಿದಿದೆ. ಎರಡನೆಯದು ನಮ್ಮ ಕಣ್ಣೆದುರೇ ಕರಗುತ್ತಿದೆ.

ಮೂರು ಅಕ್ಷರಗಳ ಕಥೆ

ಪಾಡ್‌ಕಾಸ್ಟ್‌ನ ಬೇರಿರುವುದು ಆರ್.ಎಸ್.ಎಸ್. ಎಂಬ ತಂತ್ರದಲ್ಲಿ. ನಮ್ಮ ನಾಡಿನ ಓದುಗರಿಗೆ ಈ ಮೂರು ಅಕ್ಷರಗಳು ಬೇರೊಂದನ್ನು ನೆನಪಿಸಬಹುದು, ಇದು ಅದಲ್ಲ. ಒಂದು ತಾಣದಲ್ಲಿ ಹೊಸದಾಗಿ ಏನು ಬಂದಿದೆ ಎಂದು ತಿಳಿಸುವ ಸರಳವಾದ ಪಟ್ಟಿ ಇದು. ಇದನ್ನು ಫೀಡ್ ಎನ್ನುತ್ತಾರೆ. ಇದರ ಮೊದಲ ರೂಪ 1999ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪೆನಿಯಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಕಲಿತ ರಾಮನಾಥನ್ ಗುಹಾ ಒಬ್ಬರು. 2000ದ ಕೊನೆಯಲ್ಲಿ ಡೇವ್ ವೈನರ್ ಎಂಬ ತಂತ್ರಜ್ಞ ಈ ಪಟ್ಟಿಗೆ ಒಂದು ಚಿಕ್ಕ ಅಂಶವನ್ನು ಸೇರಿಸಿದರು. ಧ್ವನಿಯ ಕಡತ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಗೆಯದು ಎಂದು ಹೇಳುವ ಒಂದೇ ಸಾಲು ಅದು. ಅದರ ಹಿಂದಿದ್ದ ಆಸೆ ಟೆಲಿವಿಷನ್ ನಿರೂಪಕ ಆ್ಯಡಂ ಕರಿಯವರದು.

2003ರಲ್ಲಿ ಪತ್ರಕರ್ತ ಕ್ರಿಸ್ಟೋಫರ್ ಲೈಡನ್ ನಡೆಸಿದ ಸಂದರ್ಶನಗಳು ಇದೇ ದಾರಿಯಲ್ಲಿ ಜನರನ್ನು ತಲುಪಿದವು. 2004ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಈ ಹೊಸ ಮಾಧ್ಯಮಕ್ಕೆ ಏನೆಂದು ಹೆಸರಿಡೋಣ ಎಂದು ಯೋಚಿಸುತ್ತಾ ಮುಂದಿಟ್ಟ ಹೆಸರುಗಳಲ್ಲಿ ‘ಪಾಡ್‌ಕಾಸ್ಟಿಂಗ್’ ಒಂದಾಗಿತ್ತು. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳ ಸೂಚಿಯನ್ನು ತೆರೆಯಿತು. ಆದರೆ ಧ್ವನಿಯನ್ನು ತನ್ನ ಉಗ್ರಾಣದಲ್ಲಿ ತುಂಬಿಕೊಳ್ಳಲಿಲ್ಲ. ಅದು ತಯಾರಿಸಿದವನ ಸರ್ವರ್‌ನಲ್ಲೇ ಉಳಿಯಿತು.

ಇದಕ್ಕೂ ಮುಂಚೆ ನಡೆದ ಒಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. 2003ರ ಜುಲೈಯಲ್ಲಿ ಆರ್.ಎಸ್.ಎಸ್. 2.0 ನಿಯಮಾವಳಿಯ ಹಕ್ಕನ್ನು ವೈನರ್ ಅವರ ಕಂಪೆನಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರಕ್ಕೆ ಒಪ್ಪಿಸಿತು. ಯಾರೂ ಬಳಸಬಹುದಾದ ಮುಕ್ತ ಪರವಾನಿಗೆಯಲ್ಲಿ ಅದು ಪ್ರಕಟವಾಯಿತು. ಮದೀನಾದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್ (ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ಬಲ್ಲ ನಮಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ನೀರು ಸೇದುವವನು ಕಾವಲುಗಾರನಿಗೆ ಹೆಸರು ಬರೆಸಬೇಕಿಲ್ಲ, ಹಣ ಕೊಡಬೇಕಿಲ್ಲ. ಮುಕ್ತ ಮಾನದಂಡವೆಂದರೆ ಇದೇ.

ಬಾವಿಗೆ ಬೇಲಿ ಹಾಕುವ ಯತ್ನ ನಡೆಯದೇ ಇರಲಿಲ್ಲ. ಪಾಡ್‌ಕಾಸ್ಟಿಂಗ್ ತನ್ನ ಆವಿಷ್ಕಾರವೆಂದು ಪರ್ಸನಲ್ ಆಡಿಯೊ ಎಂಬ ಕಂಪೆನಿ ಪೇಟೆಂಟ್ ಹಿಡಿದು ಕಾರ್ಯಕ್ರಮ ನಡೆಸುವವರಿಂದ ಹಣ ಕೇಳಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ನಾಗರಿಕ ಸಂಸ್ಥೆ ಜನರಿಂದ ದೇಣಿಗೆ ಎತ್ತಿ 2013ರಲ್ಲಿ ಅದನ್ನು ಪ್ರಶ್ನಿಸಿತು. 2015ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಆ ಹಕ್ಕುಸಾಧನೆಯನ್ನು ತಳ್ಳಿಹಾಕಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಎಣಿಸುವ ಕಿವಿಗಳು

ಮುಕ್ತ ಫೀಡ್‌ನಲ್ಲಿ ನಾವು ಒಂದು ಸಂಚಿಕೆಯನ್ನು ಇಳಿಸಿಕೊಂಡಾಗ ಕಳುಹಿಸಿದವನಿಗೆ ತಿಳಿಯುವುದು ಅತ್ಯಲ್ಪ. ಯಾವ ಐಪಿ ವಿಳಾಸ, ಯಾವ ಹೊತ್ತು, ಯಾವ ಆ್ಯಪ್ - ಇಷ್ಟೇ. ಇಳಿಸಿಕೊಂಡದ್ದನ್ನು ನಾವು ಕೇಳಿದೆವೋ, ಅರ್ಧಕ್ಕೇ ನಿಲ್ಲಿಸಿದೆವೋ, ಮೂರು ಸಲ ಕೇಳಿದೆವೋ ಆತ ಅರಿಯ. ಜಾಹೀರಾತುದಾರರಿಗೆ ಇದು ದೊಡ್ಡ ಕೊರತೆಯಾಗಿ ಕಂಡಿತು.

2019ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಪಾಟಿಫೈ ಗಿಮ್ಲೆಟ್ ಮತ್ತು ಆ್ಯಂಕರ್ ಎಂಬ ಎರಡು ಪಾಡ್‌ಕಾಸ್ಟ್ ಕಂಪೆನಿಗಳನ್ನು ಕೊಂಡಿತು. 2020ರ ಜನವರಿಯಲ್ಲಿ ಹೊಸ ಜಾಹೀರಾತು ವ್ಯವಸ್ಥೆಯೊಂದನ್ನು ಪ್ರಕಟಿಸಿತು. ಖಾತೆ ತೆರೆದು ಕೇಳುವವರ ವಯಸ್ಸು, ಲಿಂಗ, ಸಾಧನ, ಕೇಳುವ ರೀತಿ ಇವುಗಳ ವಿವರವನ್ನು ಜಾಹೀರಾತುದಾರರಿಗೆ ಹೆಸರಿಲ್ಲದ ಅಂಕಿಅಂಶವಾಗಿ ಒದಗಿಸುವುದು ಅದರ ಆಕರ್ಷಣೆ. ಅದೇ ವರ್ಷ ಜೋ ರೋಗನ್ ಅವರ ಜನಪ್ರಿಯ ಕಾರ್ಯಕ್ರಮ ತನ್ನಲ್ಲಿ ಮಾತ್ರ ಸಿಗುವಂತೆ ಒಪ್ಪಂದ ಮಾಡಿಕೊಂಡಿತು. ಕೇಳಬೇಕೆಂದರೆ ಆ ಬಾಗಿಲಿನಿಂದಲೇ ಹೋಗಬೇಕಿತ್ತು. 2024ರಲ್ಲಿ ಈ ಒಪ್ಪಂದ ನವೀಕರಣಗೊಂಡಾಗ ಆ ನಿರ್ಬಂಧ ಹೋಯಿತು. ಮುಚ್ಚಿದ ಬಾಗಿಲು ಶಾಶ್ವತವೇನೂ ಅಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಕೇಳುವುದರ ದಾಖಲೆಯಿಂದ ಏನು ಕೇಡು ಎಂದು ಯಾರಾದರೂ ಪ್ರಶ್ನಿಸಬಹುದು. ಉತ್ತರ ಪಕ್ಕದ ಕೋಣೆಯಲ್ಲೇ ಇದೆ. 2020ರ ನವೆಂಬರ್‌ನಲ್ಲಿ ಅಮೆರಿಕದ ವೈಸ್ ಪತ್ರಿಕಾ ಸಂಸ್ಥೆಯ ಮದರ್‌ಬೋರ್ಡ್ ಒಂದು ವರದಿ ಪ್ರಕಟಿಸಿತು. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತೋರಿಸುವ ‘ಮುಸ್ಲಿಮ್ ಪ್ರೊ’ ಆ್ಯಪ್ 9.8 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿತ್ತು. ಅದರ ಬಳಕೆದಾರರು ಎಲ್ಲೆಲ್ಲಿದ್ದಾರೆ ಎಂಬ ಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತು. ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಮಿಲಿಟರಿಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. ತಾನು ಮಿಲಿಟರಿಗೆ ಮಾಹಿತಿ ಮಾರಿಲ್ಲವೆಂದು ಆ್ಯಪ್‌ನವರು ಹೇಳಿದರು, ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡರು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಆರಾಧನಾಲಯಗಳಂತಹ ಸೂಕ್ಷ್ಮ ಸ್ಥಳಗಳ ಭೇಟಿಯ ಮಾಹಿತಿಯನ್ನು ಎಕ್ಸ್-ಮೋಡ್ ಮತ್ತು ಅದರ ಉತ್ತರಾಧಿಕಾರಿ ಕಂಪೆನಿ ಮಾರಕೂಡದೆಂದು ಕಟ್ಟುಪಾಡು ವಿಧಿಸಿತು.

ಅಝಾನ್ ಕೇಳಲೆಂದು ಇಟ್ಟುಕೊಂಡ ಆ್ಯಪ್‌ನ ಮಾಹಿತಿ ಯಾರ ಯಾರ ಕೈ ದಾಟಬಲ್ಲದು ನೋಡಿ! ಪಾಡ್‌ಕಾಸ್ಟ್‌ಗಳಲ್ಲಿ ಕುರ್‌ಆನ್ ವ್ಯಾಖ್ಯಾನವಿದೆ, ರಾಜಕೀಯ ವಿಮರ್ಶೆಯಿದೆ, ಖಿನ್ನತೆಗೆ ಸಾಂತ್ವನವಿದೆ, ಮುರಿದ ದಾಂಪತ್ಯದ ಸಲಹೆಯಿದೆ. ಒಬ್ಬ ವ್ಯಕ್ತಿ ಒಂದು ವರ್ಷ ಏನೇನು ಕೇಳಿದ ಎಂಬ ಪಟ್ಟಿ ಅವನ ಅಂತರಂಗದ ಪಟ್ಟಿಯೇ ಸರಿ.

ಸಣ್ಣವರ ಹಟ

ಈ ನಡುವೆ ಮುಕ್ತ ದಾರಿಯನ್ನು ಕಾಯುತ್ತಿರುವವರು ಸಣ್ಣ ಆ್ಯಪ್‌ಗಳ ತಯಾರಕರು. ಆ್ಯಂಟೆನಾಪಾಡ್ ಎಂಬುದನ್ನು ಸ್ವಯಂಸೇವಕರು ನಡೆಸುತ್ತಾರೆ. ಅದಕ್ಕೆ ಖಾತೆ ಬೇಕಿಲ್ಲ, ಅದರ ಒಳಗಿನ ಬರಹವನ್ನು ಯಾರೂ ತೆರೆದು ಪರೀಕ್ಷಿಸಬಹುದು. ಮಾರ್ಕೊ ಆರ್ಮೆಂಟ್ 2014ರಲ್ಲಿ ಹೊರತಂದ ಓವರ್‌ಕಾಸ್ಟ್, 2018ರಲ್ಲಿ ಇಮೇಲ್ ವಿಳಾಸವನ್ನೇ ಕೇಳದ ಅನಾಮಧೇಯ ಖಾತೆಗೆ ಒತ್ತುಕೊಟ್ಟಿತು. ಪಾಕೆಟ್ ಕಾಸ್ಟ್ಸ್ ತನ್ನ ಮೊಬೈಲ್ ಆ್ಯಪ್‌ಗಳ ಒಳಬರಹವನ್ನು 2022ರಲ್ಲಿ ಸಾರ್ವಜನಿಕಗೊಳಿಸಿತು. ಇದೇ ಪಾಕೆಟ್ ಕಾಸ್ಟ್ಸ್ 2020ರಲ್ಲಿ ಚೀನಾ ಸರಕಾರದ ಆಕ್ಷೇಪದಿಂದಾಗಿ ಅಲ್ಲಿನ ಆ್ಯಪಲ್ ಅಂಗಡಿಯಿಂದ ತೆಗೆಯಲ್ಪಟ್ಟಿತ್ತು. ಮುಕ್ತ ಮಾಧ್ಯಮವನ್ನು ತಾನು ಸೆನ್ಸಾರ್ ಮಾಡಲಾರೆನೆಂಬುದು ಅದರ ನಿಲುವು. ಅದೇ ವರ್ಷ ಆ್ಯಡಂ ಕರಿ ಮತ್ತು ಡೇವ್ ಜೋನ್ಸ್, ಯಾವ ದೊಡ್ಡ ಕಂಪೆನಿಯ ಹಂಗೂ ಇಲ್ಲದ ಪಾಡ್‌ಕಾಸ್ಟ್ ಇಂಡೆಕ್ಸ್ ಎಂಬ ಸೂಚಿಯನ್ನು ಕಟ್ಟಿದರು.

ಮುಕ್ತ ಮಾನದಂಡವೇ ಖಾಸಗಿತನವಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮುಕ್ತ ಫೀಡ್‌ನಲ್ಲಿಯೂ ಧ್ವನಿಯ ವಿಳಾಸದ ಮುಂದೆ ಎಣಿಕೆಗಾರರ ವಿಳಾಸವನ್ನು ಅಂಟಿಸಿ, ಇಳಿಸಿಕೊಳ್ಳುವವರ ಐಪಿ ವಿಳಾಸ ಮೊದಲು ಅವರನ್ನು ದಾಟಿ ಬರುವಂತೆ ಮಾಡುವ ಪದ್ಧತಿಯಿದೆ. ಮುಕ್ತತೆ ಕೊಡುವುದು ಆಯ್ಕೆಯನ್ನು. ಒಂದು ಆ್ಯಪ್ ಹಿಡಿಸದಿದ್ದರೆ ನಮ್ಮ ಪಟ್ಟಿಯನ್ನು ಒಂದು ಕಡತವಾಗಿ ಹೊರತೆಗೆದು ಇನ್ನೊಂದಕ್ಕೆ ಹೋಗಬಹುದು. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ಮುಚ್ಚಿದಾಗ ಕೇಳುಗರು ಹಾಗೆಯೇ ಮಾಡಿದರು. ಕಾರ್ಯಕ್ರಮಗಳು ಕಳೆದುಹೋಗಲಿಲ್ಲ, ಏಕೆಂದರೆ ಅವು ಗೂಗಲ್‌ನ ಸೊತ್ತಾಗಿರಲಿಲ್ಲ.

ಇನ್ನೊಬ್ಬರ ಗುಟ್ಟನ್ನು ಕೆದಕುವುದನ್ನು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಅನುಮತಿಯಿಲ್ಲದೆ ಪರರ ಮನೆಯೊಳಗೆ ಕಾಲಿಡಬಾರದೆಂದು ಅನ್ನೂರ್ ಅಧ್ಯಾಯ ಕಲಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಧರ್ಮವೂ ಸಂವಿಧಾನವೂ ಒಂದೇ ಮಾತು ಹೇಳುತ್ತಿರುವಾಗ ನಾವು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಕೇಳುವವರು ಖಾತೆ ಬೇಡದ ಆ್ಯಪ್ ಆರಿಸಿಕೊಳ್ಳಲಿ. ಪ್ರವಚನಗಳನ್ನು, ಕನ್ನಡದ ಚರ್ಚೆಗಳನ್ನು ಪ್ರಸಾರ ಮಾಡುವ ನಮ್ಮ ಸಂಸ್ಥೆಗಳು ಅವನ್ನು ಒಂದೇ ಕಂಪೆನಿಯ ಅಂಗಳದಲ್ಲಿ ಬಿಡದೆ ತಮ್ಮದೇ ಮುಕ್ತ ಫೀಡ್‌ನಲ್ಲಿಯೂ ಇಡಲಿ. ಹಿಂದೆ ಕ್ಯಾಸೆಟ್ ಹಂಚುತ್ತಿದ್ದ ನಮ್ಮ ಹಿರಿಯರು ಪಡೆದುಕೊಂಡವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ. ನಾವೂ ಬರೆದಿಡಬೇಕಿಲ್ಲ.